ಯೂನಿವರ್ಸಿಟಿ ನೋಡುವ ಶಾಸ್ತ್ರ

ನಮ್ಮ ಚಿಕ್ಕಮ್ಮ ಯೂನಿವರ್ಸಿಟಿಗಳಿಗೆ ಹೆಣ್ಣು ನೋಡಲು ಹೋಗುತ್ತಿದ್ದಳು ಎಂದರೆ ನೀವು ನಗುತ್ತೀರಿ. ನಗಿ, ನಗಿ! ಎಪ್ಪತ್ತರ ದಶಕದ ಕೊನೆಯಲ್ಲಿ ಮಧುಗಿರಿಯ ಪೇಟೆ ಬೀದಿಯೂ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಅಲ್ಲಿ ಓದುತ್ತಿದ್ದ ಯಾವುದೋ ಹುಡುಗಿಯನ್ನು ಯಾರಿಗೋ ಗೊತ್ತು ಮಾಡಲು ಹೋಗುತ್ತಿದ್ದಳು ಎಂದುಕೊಂಡಿರಾ? ಅಲ್ಲ. ಯೂನಿವರ್ಸಿಟಿಯೇ ಹೆಣ್ಣು, ಇವಳೇ ಗಂಡಿನ ಕಡೆಯವಳು. ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಬೇಕೆಂದು ಹಟ ಹಿಡಿದವಳು ಅರ್ಜಿ ಹಾಕುವ ಮುಂಚೆ ಒಂದೊಂದು ಊರಿಗೂ ಹೋಗಿ, ಕೂತು, ನೋಡಿ, ಪ್ರಶ್ನೆ ಕೇಳಿ, ಕಾಫಿ ಕೊಟ್ಟರೆ ಕುಡಿದು, "ಊರಿಗೆ ಹೋಗಿ ಕಾಗದ ಬರೀತೀವಿ" ಎಂದು ಎದ್ದು ಬರುತ್ತಿದ್ದಳು!

ಈ ವಿದ್ಯೆಯನ್ನು ಅವಳು ಎಲ್ಲಿ ಕಲಿತಳು? ಮನೆಯ ಹಜಾರದಲ್ಲೇ. ತುಮಕೂರಿನಲ್ಲಿ ಬಿ.ಎ. ಮುಗಿಸಿ ಬಂದ ಮೇಲೆ ಅವಳನ್ನು ನೋಡಲು ಸಿರಾದಿಂದ ಬಂದರು, ಕೊಳಾಲದಿಂದ ಬಂದರು, ಪಾವಗಡದ ಕಡೆಯಿಂದ ಜೀಪು ಮಾಡಿಕೊಂಡೂ ಬಂದರು. ಬಂದವರಿಗೆಲ್ಲ ಉಪ್ಪಿಟ್ಟು, ಕೇಸರಿಬಾತು. ಪಾವಗಡದ ಹೆಂಗಸೊಬ್ಬಳು "ಏಮ್ಮಾ, ಪಾಟ ಪಾಡ್ತಾವಾ?" ಎಂದು ಕೇಳಿ ಹಾಡಿಸಿದಳು. ಇನ್ನೊಬ್ಬಳು ಹೂ ಮುಡಿಸುವ ನೆಪದಲ್ಲಿ ಜಡೆಯನ್ನು ಎಳೆದು ನೋಡಿ, ಅದು ಸ್ವಂತ ಕೂದಲೋ ಚೌರಿಯೋ ಎಂದು ಖಾತ್ರಿ ಮಾಡಿಕೊಂಡಳು. ಎಲ್ಲರೂ ಊರಿಗೆ ಹೋಗಿ ಕಾಗದ ಬರೆಯುತ್ತೇವೆ ಎಂದರು. ಒಬ್ಬರೂ ಬರೆಯಲಿಲ್ಲ. ಈ ಮೂರು ತಾಲ್ಲೂಕುಗಳಲ್ಲಿ ಅಕ್ಷರ ಬಲ್ಲವರೇ ಇಲ್ಲವೇನೋ ಎಂದು ಅನುಮಾನ ಬರುವಷ್ಟರ ಮಟ್ಟಿಗೆ!

ಕಾರಣ ಎಲ್ಲರಿಗೂ ಗೊತ್ತಿತ್ತು. ಕಾರಣ ನಮ್ಮ ಅಜ್ಜಿ.

ನಮ್ಮಮ್ಮನ ತವರು ಕುರಿ ಬಿಟ್ಟು ಪೇಟೆ ಸೇರಿದ ಮನೆತನ. ತಾತ ಮಂದೆಯನ್ನು ಮಾರಿ ಮಧುಗಿರಿಯಲ್ಲಿ ಕಂಬಳಿ ಅಂಗಡಿ ಇಟ್ಟಿದ್ದ. ಚಿಕ್ಕಮ್ಮ ಅವನ ಕಡೆಯ ಮಗಳು, ನನಗಿಂತ ಆರೇ ವರ್ಷ ದೊಡ್ಡವಳು. ಅವಳನ್ನು ಹೆತ್ತ ಮೇಲೆ ಅಜ್ಜಿಗೆ ಮನಸ್ಸು ಕೆಟ್ಟಿತಂತೆ. ಕೆಲವು ದಿನ ಅಜ್ಜಿ ಚೆನ್ನಾಗಿಯೇ ಇದ್ದು ಕಂಬಳಿಯ ಅಂಚು ಹೊಲಿಯುತ್ತಿದ್ದಳು. ಕೆಲವು ದಿನ ಒರಳುಕಲ್ಲಿನ ಜೊತೆ ಜಗಳಕ್ಕೆ ನಿಲ್ಲುತ್ತಿದ್ದಳು. ಇನ್ನು ಕೆಲವು ದಿನ ಗೋಡೆಗೆ ಮುಖ ಹಾಕಿ ಮಲಗಿಬಿಟ್ಟರೆ ಊಟವೂ ಇಲ್ಲ, ಮಾತೂ ಇಲ್ಲ. ನಾಗರ ದೋಷ ಎಂದು ನಾಗಲಮಡಿಕೆಗೆ ಕರೆದುಕೊಂಡು ಹೋದರು. ಸಿರಾದಿಂದ ತಾಯತ ತಂದರು. ಪಾವಗಡದ ಮಂತ್ರವಾದಿಯೊಬ್ಬ ತೆಲುಗಿನಲ್ಲಿ ಗದರಿಸಿ ನಿಂಬೆಹಣ್ಣು ಕೊಯ್ದ. ದೆವ್ವಕ್ಕೆ ತೆಲುಗು ಬರುತ್ತಿರಲಿಲ್ಲವೋ ಏನೋ, ಹೋಗಲಿಲ್ಲ.

ಗಂಡಿನ ಕಡೆಯವರು ಬರುವ ದಿನ ನನ್ನ ಸೋದರಮಾವಂದಿರಿಬ್ಬರೂ ಬಂದು ಅಜ್ಜಿಯನ್ನು ಕಂಬಳಿ ಜೋಡಿಸಿಡುವ ಹಿಂದಿನ ಕೋಣೆಯಲ್ಲಿ ಕೂರಿಸಿ ಚಿಲಕ ಹಾಕುತ್ತಿದ್ದರು. ಏನು ಬುದ್ಧಿವಂತಿಕೆ! ಬಂದವರು ವಾಪಸು ಹೋಗುವಾಗ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ "ಆ ಮನೆ ಜನ ಹೆಂಗೆ?" ಎಂದು ಒಂದು ಮಾತು ಕೇಳಿದರೆ ಸಾಕಾಗಿತ್ತು. ಅಲ್ಲಿ ಟೀಗಿಂತ ಬಿಸಿಯಾಗಿ ಸುದ್ದಿ ಸಿಗುತ್ತಿತ್ತು.

ತಾತ ತೀರಿಕೊಂಡ ಮೇಲೆ ಅಂಗಡಿ ಮತ್ತು ಅಜ್ಜಿ ಎರಡೂ ಚಿಕ್ಕಮ್ಮನ ಪಾಲಿಗೆ ಬಂದವು. ಒಂದು ದಿನ ಅಂಗಡಿಯಲ್ಲಿ ಕಂಬಳಿ ಮಡಿಸುತ್ತ ಅವಳು ನನಗೆ ಹೇಳಿದಳು: "ನಂಗೆ ಎಲ್ಡೇ ವಿಷ್ಯ ಗೊತ್ತಾಗ್ಬೇಕು ಕಣೇ. ಅವ್ವಂಗೆ ಏನಾಗೈತೆ? ಅದು ನಂಗೂ ಬತ್ತದಾ? ಊರೋರು ಹೇಳಿದ್ದು ಸಾಕು. ಓದಿ ತಿಳ್ಕೊಂಡೋರ ಬಾಯಲ್ಲಿ ಕೇಳ್ಬೇಕು. ಇಲ್ಲ ನಾನೇ ಓದ್ಬೇಕು."

ಬಿ.ಎ.ನಲ್ಲಿ ಅವಳಿಗೆ ಮನಶ್ಶಾಸ್ತ್ರ ಒಂದು ವಿಷಯವಾಗಿತ್ತು. ಅಷ್ಟಕ್ಕೇ ಪೇಟೆ ಬೀದಿ ಅವಳಿಗೆ ಹುಚ್ಚಿನ ಡಾಕ್ಟ್ರಮ್ಮ ಎಂದು ಹೆಸರಿಟ್ಟಿತ್ತು. ಹಾಲು ಕೊಡದ ಎಮ್ಮೆಯನ್ನು ತಂದು ಅಂಗಡಿಯ ಮುಂದೆ ನಿಲ್ಲಿಸಿದವರೂ ಉಂಟು! ಬೀಡಿ ಅಂಗಡಿಯವನೊಬ್ಬ ಹೆಂಡತಿಯನ್ನು ಕರೆದುಕೊಂಡು ಬಂದ.

"ನೋಡಮ್ಮ, ಇವ್ಳು ತಿರುಗಿಸಿ ಮಾತಾಡ್ತಾಳೆ. ತಲೆ ಕೆಟ್ಟೈತೆ."

"ಯಾವಾಗಿಂದ?"

"ನಾನು ಇನ್ನೊಂದು ಮದ್ವೆ ಮಾಡ್ಕೊಂಡಾಗಿಂದ."

"ಹಂಗಾದ್ರೆ ಇಷ್ಟು ದಿನ ಕೆಟ್ಟಿತ್ತು. ಇವಾಗ ಸರಿಹೋಗೈತೆ ಬುಡು."

ಇಂಥವಳು ಎಂ.ಎ.ಗೆ ಹೊರಟಳು. ಸುಮ್ಮನೆ ಅರ್ಜಿ ತರಿಸಿ, ತುಂಬಿ, ಅಂಚೆಗೆ ಹಾಕಬಹುದಿತ್ತಲ್ಲವೇ? ಎಲ್ಲರೂ ಮಾಡುವುದು ಹಾಗೆಯೇ. ಇವಳು ಒಪ್ಪಲಿಲ್ಲ. "ನನ್ನ ಎಷ್ಟು ಜನ ನೋಡಿಲ್ಲ? ಒಂದು ಸಲ ನಾನೂ ನೋಡ್ತೀನಿ" ಎಂದಳು. ಗಂಡಿನ ಕಡೆಯವರು ಒಬ್ಬರೇ ಹೋಗಬಾರದು ಎಂಬ ನಿಯಮ ಇದೆಯಲ್ಲ, ಅದಕ್ಕೆ ಬಿ.ಎ. ಕೊನೆಯ ವರ್ಷದಲ್ಲಿದ್ದ ನನ್ನನ್ನು ಜೊತೆಗೆ ಎಳೆದುಕೊಂಡಳು. ಇದ್ದ ಒಂದು ರೇಷ್ಮೆ ಸೀರೆ ಉಟ್ಟು, ಅಜ್ಜಿಯನ್ನು ಒಂದೆರಡು ದಿನಕ್ಕೆ ಪಕ್ಕದ ಮನೆಯ ಸಾಬರ ಅಮ್ಮನ ಬಳಿ ಬಿಟ್ಟು ಹೊರಡುತ್ತಿದ್ದಳು.

ನಾವು ನೋಡಿದ ಊರುಗಳ ಹೆಸರು ಹೇಳುವುದಿಲ್ಲ. ಹೆಣ್ಣು ಬೇಡ ಎಂದವರು ಹೆಣ್ಣಿನ ಹೆಸರು ಕೆಡಿಸಬಾರದು. ನಮ್ಮನ್ನು ನೋಡಿ ಹೋದವರಿಗೆ ಈ ಮರ್ಯಾದೆ ಇರಲಿಲ್ಲ, ನಮಗಾದರೂ ಇರಲಿ.

ಮೊದಲ ಊರಿನಲ್ಲಿ ಅವಳು ಗೇಟಿನ ಒಳಗೆ ಕಾಲಿಡುವ ಮುಂಚೆ ಎದುರಿನ ಟೀ ಅಂಗಡಿಗೆ ಹೋದಳು. ಗೇಟಿನ ಕಡೆ ಕೈ ತೋರಿಸಿ, "ಆ ಮನೆ ಜನ ಹೆಂಗಪ್ಪ?" ಎಂದು ಕೇಳಿದಳು. ಟೀ ಅಂಗಡಿಯವನು ಅತ್ತಿತ್ತ ನೋಡಿ, "ಮೇಷ್ಟ್ರುಗಳಾ? ಒಳಗೆ ಬಡಿದಾಡ್ಕೊತಾರೆ. ಇಲ್ಲಿ ಬಂದು ಒಂದೇ ಬೆಂಚಿನ ಮೇಲೆ ಕೂತ್ಕೊಂಡು ಟೀ ಕುಡೀತಾರೆ" ಎಂದ. ಚಿಕ್ಕಮ್ಮ ನನ್ನ ಕಡೆ ತಿರುಗಿ, "ಒಟ್ಟು ಕುಟುಂಬ ಕಣೇ" ಎಂದಳು. ಒಳಗೆ ಹೋಗಿ ಗ್ರಂಥಾಲಯ ನೋಡಿದೆವು. ಕಪಾಟಿನ ತುಂಬ ದಪ್ಪ ದಪ್ಪ ಇಂಗ್ಲಿಷ್ ಪುಸ್ತಕಗಳು. ಎಂಥ ಸಿರಿವಂತಿಕೆ ಎಂದು ನಾನು ಬೆರಗಾದೆ. ಚಿಕ್ಕಮ್ಮ ಒಂದನ್ನು ಎಳೆದು ತೆರೆಯಲು ಹೋದರೆ ಪುಟಗಳ ಅಂಚುಗಳೇ ಬಿಡಿಸಿಕೊಂಡಿರಲಿಲ್ಲ. ಅಚ್ಚಾಗಿ ಬಂದ ದಿನದಿಂದ ಯಾರೂ ಕತ್ತರಿ ಹಾಕಿ ಪುಟ ಬಿಡಿಸಿರಲಿಲ್ಲ. ಅವಳು ಅದನ್ನು ಸ್ವಸ್ಥಾನಕ್ಕೆ ಸೇರಿಸಿ ನನ್ನ ಕಿವಿಯಲ್ಲಿ "ಚೌರಿ" ಎಂದಳು.

ಎರಡನೆಯ ಊರಿನಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಬಿಳಿ ಇಲಿಗಳಿದ್ದವು. ಯುವ ಮೇಷ್ಟ್ರೊಬ್ಬರು ಬಹಳ ಉತ್ಸಾಹದಿಂದ, ಇಲಿಯನ್ನು ಸುತ್ತು ಸುತ್ತಿನ ದಾರಿಗಳ ಮಧ್ಯೆ ಬಿಟ್ಟು ಅದು ಎಷ್ಟು ಸಲ ತಪ್ಪುತ್ತದೆ ಎಂದು ನೋಡುವ ಪ್ರಯೋಗವನ್ನು ವಿವರಿಸಿದರು.

"ದಾರಿ ಕಟ್ಟಿದ್ದು ಯಾರು ಸಾರ್?" ಎಂದು ಚಿಕ್ಕಮ್ಮ ಕೇಳಿದಳು.

"ನಾವೇ."

"ದಾರಿ ತಪ್ಪಿಸೋರು ನೀವು. ಬುದ್ಧಿ ಪರೀಕ್ಷೆ ಅದಕ್ಕಾ?"

ಆ ಮೇಷ್ಟ್ರು ಕಾಫಿ ತರಿಸುತ್ತೇನೆ ಎಂದವರು ತರಿಸಲಿಲ್ಲ.

ಮೂರನೆಯ ಊರಿನಲ್ಲಿ ವಯಸ್ಸಾದ ಪ್ರೊಫೆಸರೊಬ್ಬರು ಸಿಕ್ಕಿದರು. ಚಿಕ್ಕಮ್ಮ ಸುತ್ತಿ ಬಳಸದೆ ತನ್ನ ಎರಡೂ ಪ್ರಶ್ನೆಗಳನ್ನು ಅವರ ಮುಂದಿಟ್ಟಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ತಾಯಿಗೆ ಬಂದಿದ್ದು ಮಗಳಿಗೆ ಬಂದೇ ಬರುತ್ತೆ ಅಂತ ಏನೂ ಇಲ್ಲಮ್ಮ. ಬರೋದೇ ಇಲ್ಲ ಅಂತ ಹೇಳೋಷ್ಟು ನಮಗೂ ಗೊತ್ತಿಲ್ಲ. ಓದ್ತಾ ಇದೀವಿ" ಎಂದರು. ಗೊತ್ತಿಲ್ಲ ಎಂದು ಹೇಳಿದ ಗಂಡಸನ್ನು ಚಿಕ್ಕಮ್ಮ ಮೊದಲ ಸಲ ನೋಡುತ್ತಿದ್ದಳು! ಬಸ್ಸು ಹತ್ತಿ ಕೂತ ಮೇಲೆ, "ಹೆಣ್ಣು ಒಪ್ಪಿಗೆ" ಎಂದಳು. ಅಲ್ಲಿಗೆ ಮಾತ್ರ ಅರ್ಜಿ ಹಾಕಿದಳು.

ಇಷ್ಟರವರೆಗೆ ನಗು. ಇನ್ನು ಮುಂದೆ ನಮ್ಮ ಬಂಧುಗಳು ಬರುತ್ತಾರೆ.

ಸಂದರ್ಶನಕ್ಕೆ ಕರೆ ಬಂದಾಗ ಕಂಬಳಿ ಅಂಗಡಿಯಲ್ಲಿ ಪಂಚಾಯ್ತಿ ಸೇರಿತು. ಸೀಟು ಸಿಕ್ಕಿ ಚಿಕ್ಕಮ್ಮ ಹಾಸ್ಟೆಲು ಸೇರಿದರೆ ಅಜ್ಜಿ ಎಲ್ಲಿರಬೇಕು? ಸಿರಾದ ದೊಡ್ಡ ಮಾವ ದಿನಸಿ ವ್ಯಾಪಾರಿ. "ನಮ್ಮನೇಲಿ ಗಿರಾಕಿಗಳು ಬತ್ತಾ ಇರ್ತಾರೆ ಕಣಮ್ಮ. ಅವ್ವ ಅವ್ರ ಮುಂದೆ ಏನಾರ ಅಂದ್ಬುಟ್ರೆ?" ಎಂದ. ಪಾವಗಡದಲ್ಲಿ ಸರ್ಕಾರಿ ನೌಕರನಾಗಿದ್ದ ಚಿಕ್ಕ ಮಾವ, "ನಂದು ಕ್ವಾರ್ಟರ್ಸು. ಸಾಹೇಬ್ರು ಒಪ್ಪಾಕಿಲ್ಲ" ಎಂದ. ಹೆತ್ತ ತಾಯಿಯನ್ನು ಮನೆಯಲ್ಲಿಟ್ಟುಕೊಳ್ಳಲು ಅನುಮತಿ ಬೇಕಾಗುವ ಆ ಇಲಾಖೆ ಯಾವುದೋ ನಾನಂತೂ ಕಾಣೆ. ಕೊರಟಗೆರೆಯಿಂದ ಬಂದಿದ್ದ ನಮ್ಮಮ್ಮ ಅಳುತ್ತಿದ್ದಳು. ಅವಳ ಬದಲಿಗೆ ನಮ್ಮಪ್ಪ ಮಾತಾಡಿದ:

"ನಮ್ಮನೇಲಿ ಮದ್ವೆಗೆ ಬಂದ ಮಗ್ಳವ್ಳೆ. ಅವ್ಳನ್ನ ನೋಡೋಕೆ ಬಂದೋರು ಅತ್ತೇನ ನೋಡಿದ್ರೆ ಏನಂದ್ಕೊತಾರೆ?"

ಆ ಮಗಳು ನಾನು! ನನ್ನ ಮದುವೆಗೋಸ್ಕರ ಚಿಕ್ಕಮ್ಮನ ಓದು ನಿಲ್ಲಬೇಕಿತ್ತು. "ನನಗೆ ಮದುವೆಯೂ ಬೇಡ, ಏನೂ ಬೇಡ" ಎಂದು ಕೂಗಿದೆ. "ನೋಡಿದ್ರಾ, ಇದಕ್ಕೂ ಹತ್ತಿತು" ಎಂದ ಚಿಕ್ಕ ಮಾವ. ನಮ್ಮ ವಂಶದಲ್ಲಿ ಹೆಂಗಸರು ಕೂಗಿದರೆ ಕಾಯಿಲೆ, ಗಂಡಸರು ಕೂಗಿದರೆ ತೀರ್ಮಾನ.

ಚಿಕ್ಕಮ್ಮ ಕಂಬಳಿಗಳನ್ನು ಜೋಡಿಸುತ್ತಲೇ ಇದ್ದಳು. ಕೊನೆಗೆ, "ನೀವು ಯಾರೂ ನೋಡ್ಕಬ್ಯಾಡ್ರಣ್ಣ. ಅವ್ವನ್ನ ಇಂಟರ್ವ್ಯೂಗೂ ನಾನೇ ಕರ್ಕೊಂಡು ಹೋಯ್ತೀನಿ. ಸೀಟು ಸಿಕ್ಕಿದ್ರೆ ಅಲ್ಲೇ ಒಂದು ರೂಮು ಮಾಡ್ತೀನಿ" ಎಂದಳು. ಇಬ್ಬರು ಮಾವಂದಿರ ಮುಖದ ಮೇಲೂ ಎಂಥ ನೆಮ್ಮದಿ ಮೂಡಿತು ಎನ್ನುತ್ತೀರಿ!

ಸಂದರ್ಶನದ ದಿನ ಅಜ್ಜಿಗೆ ಹೊಸ ಸೀರೆ ಉಡಿಸಿ, ತಲೆ ಬಾಚಿ, ಮೂವರೂ ಹೋದೆವು. ಚಿಕ್ಕಮ್ಮನ ಹೆಸರು ಕೂಗಿದಾಗ ನಾನು ಅಜ್ಜಿಯ ಕೈ ಹಿಡಿದುಕೊಂಡು ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತೆ. ಬಾಗಿಲು ತೆರೆದೇ ಇತ್ತು. ಒಳಗೆ ಸಾಲಾಗಿ ಗಂಡಸರು ಕೂತಿದ್ದರು, ನಡುವೆ ಆ ವಯಸ್ಸಾದ ಪ್ರೊಫೆಸರು. ಅವರ ಎದುರಿಗೆ ರೇಷ್ಮೆ ಸೀರೆಯುಟ್ಟು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಚಿಕ್ಕಮ್ಮ. ಅವರು ಒಬ್ಬೊಬ್ಬರಾಗಿ ಪ್ರಶ್ನೆ ಕೇಳುತ್ತಿದ್ದರು, ಅವಳು ಹೇಳುತ್ತಿದ್ದಳು. ಅವರಲ್ಲೊಬ್ಬರು, "ನಿಮಗಿನ್ನೂ ಮದುವೆ ಆಗಿಲ್ಲ ಅಲ್ವಾ?" ಎಂದು ಕೇಳಿದರು.

ಅಜ್ಜಿ ಎದ್ದುಬಿಟ್ಟಳು. ನಾನು ತಡೆಯುವಷ್ಟರಲ್ಲಿ ಕೈ ಕೊಡವಿಕೊಂಡು ಒಳಗೆ ಹೋಗಿ ಮೇಜಿನ ಮುಂದೆ ನಿಂತಳು. ಸೆರಗನ್ನು ಸರಿಯಾಗಿ ಹೊದ್ದುಕೊಂಡು ಕೈ ಮುಗಿದಳು.

"ಸ್ವಾಮಿ, ನನ್ನ ಮಗ್ಳಿಗೆ ಏನೂ ಇಲ್ಲ. ಕೆಟ್ಟಿರೋದು ನನ್ನ ತಲೆ. ಅವಳ್ದಲ್ಲ. ನಾನು ಇವ್ಳ ಜೊತೆ ನಿಮ್ಮನೆಗೆ ಬರಾಕಿಲ್ಲ. ಬಾಣಂತನಕ್ಕೂ ಬರಾಕಿಲ್ಲ. ಊರಲ್ಲಿ ಯಾರ್ನೂ ಕೇಳ್ಬ್ಯಾಡಿ ಸ್ವಾಮಿ. ಇವ್ಳು ನನ್ನನ್ನ ಮಗೂನ ನೋಡ್ಕೊಂಡಂಗೆ ನೋಡ್ಕೊಂಡವ್ಳೆ. ನಿಮ್ಮನ್ನೂ ನೋಡ್ಕೊತಾಳೆ. ಒಪ್ಕೊಂಬುಡಿ."

ನಾವೆಲ್ಲ ಅಜ್ಜಿಗೆ ಏನೂ ತಿಳಿಯುವುದಿಲ್ಲ ಎಂದುಕೊಂಡಿದ್ದೆವು. ಯಾರು ಬಂದರು, ಯಾಕೆ ಎದ್ದು ಹೋದರು, ಯಾರ ದೆಸೆಯಿಂದ ಮಗಳು ಹಾಗೇ ಉಳಿದಳು ಎಂಬುದೆಲ್ಲ ಅವಳಿಗೆ ಗೊತ್ತಿತ್ತು. ಇಷ್ಟು ವರ್ಷ ಅದನ್ನು ಒಬ್ಬಳೇ ನುಂಗಿಕೊಂಡಿದ್ದಳು. ನನಗೆ ಅಲ್ಲೇ ಅಳು ಬಂತು. ಪ್ರೊಫೆಸರು ಎದ್ದು ಬಂದು ತಮ್ಮ ಕುರ್ಚಿಯಲ್ಲೇ ಅಜ್ಜಿಯನ್ನು ಕೂರಿಸಿದರು. ಆಮೇಲೆ ಚಿಕ್ಕಮ್ಮನಿಗೆ ಎರಡೋ ಮೂರೋ ಪ್ರಶ್ನೆ ಕೇಳಿದರು. ಬೀಡಿ ಅಂಗಡಿಯವನಿಗೂ ಇಲಿಯ ಮೇಷ್ಟ್ರಿಗೂ ಉತ್ತರ ಕೊಟ್ಟಿದ್ದವಳು ಎದ್ದು ಹೋಗಿ ಅಜ್ಜಿಯ ಕೈ ಹಿಡಿದುಕೊಂಡು ನಿಂತುಬಿಟ್ಟಳು.

ಆಯ್ಕೆಯ ಪಟ್ಟಿಯಲ್ಲಿ ಅವಳ ಹೆಸರು ಇರಲಿಲ್ಲ. ಅವಳಿಗಿಂತ ಹೆಚ್ಚು ಅಂಕ ತೆಗೆದವರು ಬೇಕಾದಷ್ಟು ಜನ ಇದ್ದರು. ಸಿಟ್ಟು ಮಾಡಿಕೊಳ್ಳಲು ಒಂದು ಅನ್ಯಾಯವೂ ಸಿಗಲಿಲ್ಲ, ಅದೇ ನನ್ನ ಸಿಟ್ಟು. ಮತ್ತೆ ಅವಳು ಅರ್ಜಿ ಹಾಕಲಿಲ್ಲ. ಪೇಟೆ ಬೀದಿಯಲ್ಲಿ ಯಾರಾದರೂ "ಏನಾಯ್ತಮ್ಮ ನಿನ್ನ ಎಂ.ಎ.?" ಎಂದು ಕೆಣಕಿದರೆ, "ಹೆಣ್ಣು ಚೆನ್ನಾಗಿತ್ತು. ಜಾತಕ ಕೂಡಿ ಬರ್ಲಿಲ್ಲ" ಎನ್ನುತ್ತಿದ್ದಳು.

ಅದು ಆಮೇಲಿನ ಮಾತು. ಸಂದರ್ಶನ ಮುಗಿಸಿ ನಾವು ವಾಪಸು ಬರುವಾಗ ಪಟ್ಟಿ ಇನ್ನೂ ಹೊರಬಿದ್ದಿರಲಿಲ್ಲ. ಬಸ್ಸಿನಲ್ಲಿ ಅಜ್ಜಿ ಕಿಟಕಿಯ ಪಕ್ಕ, ನಡುವೆ ಚಿಕ್ಕಮ್ಮ, ಈಚೆಗೆ ನಾನು. ಊರು ದಾಟಿದ ಮೇಲೆ ಅಜ್ಜಿ ಮೆಲ್ಲಗೆ ಕೇಳಿದಳು:

"ಒಪ್ಕೊಂಡ್ರೇನೇ?"

"ಒಪ್ಕೊಂಡ್ರು ಕಣವ್ವ."

ಅಜ್ಜಿ ನಂಬಲಿಲ್ಲ. ಮಗಳ ಮುಖವನ್ನೇ ನೋಡಿದಳು.

"ನನ್ನ ನೋಡಿದ್ಮೇಲೂ?"

"ನಿನ್ನ ನೋಡಿದ್ಮೇಲೇ ಕಣವ್ವ ಒಪ್ಕೊಂಡಿದ್ದು."

ಅಜ್ಜಿ ಸೆರಗಿನ ತುದಿಯಿಂದ ಚಿಕ್ಕಮ್ಮನ ಕಣ್ಣು ಒರೆಸಿದಳು. ಆಮೇಲೆ ಅವಳ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡು, ಮಧುಗಿರಿ ಬರುವವರೆಗೂ ಹಾಗೇ ಕೂತಿದ್ದಳು.