ದನಿ ಎತ್ತುವ ಮೋಟರು

ನಮ್ಮ ಕಡೆ ಎಲೆಕ್ಟ್ರಿಕ್ ಗಿಟಾರ್ ಇಟ್ಟುಕೊಂಡವನು ನಗೆಪಾಟಲಾಗಲು ಬೇರೇನೂ ಮಾಡಬೇಕಿಲ್ಲ. ಸುಮ್ಮನೆ ಕೂತಿದ್ದರೂ ಪ್ರಸಂಗಗಳು ಮನೆ ಹುಡುಕಿಕೊಂಡು ಬರುತ್ತವೆ, ಅದೂ ಸರಿಯಾಗಿ ಊಟದ ಹೊತ್ತಿಗೆ.

ನಾನು ಭೀಮರಾಯನಗುಡಿಯ ಕಚೇರಿಯೊಂದರಲ್ಲಿ ಟಪಾಲು ವಿಂಗಡಿಸುವವನು. ಮದುವೆ ಸೀಸನ್ ಬಂತೆಂದರೆ ಶಹಾಪುರದ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತೇನೆ. ಗಿಟಾರು ನನಗಿಂತ ಹಿರಿಯದು. ಹೈದರಾಬಾದಿನಲ್ಲಿ ಇದನ್ನು ಬಾರಿಸುತ್ತಿದ್ದ ಮುದುಕರೊಬ್ಬರು ಕೈ ನಡುಗಲು ಶುರುವಾದ ಮೇಲೆ, ಇದರ ಆವಾಜು ಸಂಭಾಳಿಸು ಎಂದು ಹೇಳಿ ಕೊಟ್ಟದ್ದು. ಸಂಜೆ ಮಾಳಿಗೆ ಮೇಲೆ ಕೂತು, ಎದುರಿಗೆ ಮಲಗಿದ ಬುದ್ಧನಂತೆ ಕಾಣುವ ಬೆಟ್ಟ ನೋಡುತ್ತ ಒಂದೇ ತಂತಿ ಮೀಟುತ್ತೇನೆ. ಆ ದನಿ ಬಿಸಿಲಿನ ಜೊತೆ ಮೆಲ್ಲಗೆ ಇಳಿದು ಪೂರಾ ಕರಗುವ ತನಕ ಕಣ್ಣು ಮುಚ್ಚಿರುತ್ತೇನೆ. ಇದಕ್ಕಿಂತ ದೊಡ್ಡ ಸುಖ ನನಗೆ ಗೊತ್ತಿಲ್ಲ. ಆಚೆ ಮನೆಯವರು ಬಂದು ನಾನೆಲ್ಲಿ ಎಂದು ಕೇಳಿದರೆ ನನ್ನ ಹೆಂಡತಿ, "ಮ್ಯಾಲ ಅದಾರ. ಅಲ್ಲಿ ಒಬ್ಬಾಂವ ಮಲಗ್ಯಾನ, ಇಲ್ಲಿ ಒಬ್ಬಾಂವ" ಎನ್ನುತ್ತಾಳೆ.

ಈ ಸಲ ಆ ದನಿಯೇ ಹೋಯಿತು. ಆರ್ಕೆಸ್ಟ್ರಾದ ಮಾಲಕರಿಗೆ ಶಾಮಿಯಾನಾ ವ್ಯಾಪಾರವೂ ಇದೆ, ಮಾತು ನೇರ. "ನೋಡಪಾ, ಕೀಬೋರ್ಡಿನಾಗ ಗಿಟಾರೂ ಅದ, ಶಹನಾಯಿನೂ ಅದ. ಯಾದಗಿರಿ ಮದುವಿಗೆ ನಿಂದು ಮೊದಲಿನಂಗ ನುಡೀತು, ಛಲೋ. ಇಲ್ಲಂದ್ರ ಊಟಕ್ಕ ಬಾ, ಬಾರಸಾಕ ಬರಬ್ಯಾಡ" ಎಂದರು. ಊಟಕ್ಕೆ ಕರೆದದ್ದು ಅವರ ದೊಡ್ಡ ಗುಣ.

ಎಷ್ಟು ಕ್ವಿಂಟಲ್?

ಗಿಟಾರಿನ ತಂತಿಗಳ ಕೆಳಗೆ, ಅಯಸ್ಕಾಂತಕ್ಕೆ ಕೂದಲೆಳೆಯಂಥ ತಾಮ್ರದ ತಂತಿ ಸುತ್ತಿದ ಪಟ್ಟಿ ಇರುತ್ತದೆ. ಮೇಲಿನ ತಂತಿ ನಡುಗಿದರೆ ಇದರಲ್ಲಿ ಕರೆಂಟು ಹುಟ್ಟಿ ಸ್ಪೀಕರಿಗೆ ಹೋಗುತ್ತದೆ. ಇದಕ್ಕೆ ಪಿಕಪ್ ಎಂದು ಹೆಸರು. ನನ್ನ ಗಿಟಾರಿನಲ್ಲಿ ಎರಡಿವೆ. ಕೆಳಗಿನದು ಚುರುಕು, ಜಗಳಗಂಟಿ. ಕತ್ತಿನ ಹತ್ತಿರದ್ದು ಮೆತ್ತಗೆ, ತೂಕಡಿಸುತ್ತ ಮಾತಾಡುವಂಥದು. ಸತ್ತದ್ದು ಕತ್ತಿನ ಹತ್ತಿರದ್ದು.

ಮಾಲಕರಿಗೇ ಫೋನು ಮಾಡಿದೆ. "ಗಿಟಾರಿಗೆ ಒಂದು ಪಿಕಪ್ ಬೇಕ್ರಿ. ಹಳೇದಾದ್ರೂ ನಡೀತದ."

"ಇಷ್ಟ ಏನು? ಮುಂಜಾನಿ ಮನಿಗೇ ಕಳಸ್ತೀನಿ!"

ಎಂಥ ಮನುಷ್ಯನನ್ನು ತಪ್ಪು ತಿಳಿದೆನಲ್ಲ ಎಂದು ಕಣ್ಣು ತುಂಬಿ ಬಂತು. ಮರುದಿನ ಬಾಗಿಲ ಮುಂದೆ ಹತ್ತಿ ಸಾಗಿಸುವ ಪಿಕಪ್ ಗಾಡಿ ನಿಂತಿತ್ತು. ಡ್ರೈವರು, ಜೊತೆಗೆ ಹಗ್ಗ ಹಿಡಿದ ಇಬ್ಬರು ಹಮಾಲರು. "ಎಲ್ಲದರಿ ಗಿಟಾರು? ಎಷ್ಟು ಕ್ವಿಂಟಲ್ ಆಗತದ?"

ನಾನು ಒಂದೇ ಕೈಯಲ್ಲಿ ಹಿಡಿದು ತಂದು ತೋರಿಸಿದೆ. ಹಿರಿಯ ಹಮಾಲ ಅದನ್ನು ನೋಡಿದ, ನನ್ನನ್ನು ನೋಡಿದ, ಹಗ್ಗ ಸುತ್ತಿಕೊಳ್ಳುತ್ತ ಕೇಳಿದ: "ಮನ್ಯಾಗ ಸೈಕಲ್ ಇಲ್ಲೇನ್ರಿ ನಿಮಗ?"

ಗ್ಯಾರಂಟಿ

ಗಾಡಿ ಹೇಗೂ ಸುರಪುರಕ್ಕೆ ಹೊರಟಿತ್ತು. ನಾನೂ ಹತ್ತಿ ಕೂತೆ. ಅಲ್ಲಿ ಸುಟ್ಟ ಪಂಪಿನ ಮೋಟರುಗಳಿಗೆ ಹೊಸ ತಂತಿ ಸುತ್ತುವ ಒಬ್ಬರಿದ್ದಾರೆ. ತಾಮ್ರ ತಾಮ್ರವೇ ತಾನೇ ಎಂದು ಗಿಟಾರಿನಿಂದ ಬಿಚ್ಚಿದ ಪಿಕಪ್ಪನ್ನು ಅವರ ಅಂಗೈಯಲ್ಲಿಟ್ಟೆ.

"ಎಷ್ಟು ಎಚ್‌ಪಿದು?"

"ಎಚ್‌ಪಿ ಇಲ್ರಿ ಇದಕ್ಕ."

"ಮತ್ತ ನೀರು ಎಷ್ಟು ಇಂಚು ಎತ್ತತದ?"

"ನೀರು ಎತ್ತಂಗಿಲ್ರಿ. ದನಿ ಎತ್ತತದ."

ಅವರು ಕನ್ನಡಕ ಮೇಲೆ ಸರಿಸಿದರು. "ದನಿ ಎತ್ತಾಕ ಮೋಟರ್ ಯಾಕ್ರಿ? ನಮ್ಮ ಓಣ್ಯಾಗ ಎಲ್ಲಾರೂ ಹಂಗ ಎತ್ತತಾರ."

ಆದರೂ ಕೂತರು. ಅಷ್ಟು ಸಣ್ಣ ತಂತಿ ಅವರ ಯಂತ್ರಕ್ಕೆ ಹತ್ತಲಿಲ್ಲ, ಕೈಯಿಂದಲೇ ಸುತ್ತಿದರು. ತಂತಿ ಕಣ್ಣಿಗೇ ಕಾಣದು. ಗಾಳಿಯಲ್ಲಿ ಬೆರಳಾಡಿಸುತ್ತ ಮಧ್ಯಾಹ್ನವೆಲ್ಲ ಯಾವುದೋ ತತ್ವಪದ ಗುನುಗುತ್ತಿದ್ದರು. ಅವರ ಗುನುಗೂ ಆ ಸುರುಳಿಯೊಳಗೇ ಹೋಗಿ ಕೂರುತ್ತಿದೆ ಎಂದು ನನಗೆ ಅನ್ನಿಸಿತು. ಹೊರಗಿನ ಸಂತೆಯ ಗದ್ದಲವೂ ದೂರ ಹೋದಂತಿತ್ತು. ಮುಗಿಸಿ ಕೈಗೆ ಕೊಡುವಾಗ ಗಂಭೀರವಾಗಿ ಹೇಳಿದರು: "ಗ್ಯಾರಂಟಿ ಕೊಡ್ತೀನ್ರಿ. ಆದ್ರ ನೀರಿಲ್ಲದಾಗ ಓಡಸಬ್ಯಾಡ್ರಿ."

ಕಟ್ಟಿಗೆಯ ಮಾತು

ಪಿಕಪ್ ನುಡಿಯಿತು. ಆದರೆ ಅದು ಕೂರುವ ಕಡೆ ಗಿಟಾರಿನ ಮೈಯೇ ಸೀಳು ಬಿಟ್ಟಿತ್ತು, ದನಿ ಜಿರ್ ಎನ್ನುತ್ತಿತ್ತು. ಗಿಟಾರಿನ ಮಂದಿಯಲ್ಲಿ ಎರಡು ಪಂಗಡ. ದನಿಯೆಲ್ಲ ಪಿಕಪ್ಪಿನದು ಎನ್ನುವವರು ಒಂದು ಕಡೆ, ಕಟ್ಟಿಗೆಯದು ಎನ್ನುವವರು ಇನ್ನೊಂದು ಕಡೆ. ನಾನು ಎರಡೂ ಕಡೆ ಉಂಡು ಬರುವವನು. ಸಗರದಲ್ಲಿ ಬಡಗಿ ಕೆಲಸ ಮಾಡುವ ವಯಸ್ಸಾದ ಕಾಕಾ ಒಬ್ಬರ ಹತ್ತಿರ ಒಯ್ದೆ.

"ಕಾಕಾ, ಒಣಗಿದ ಹಳೇ ಕಟ್ಟಿಗಿ ದನಿ ಹಿಡದು ಇಟ್ಕೊಂತದ. ಕಿವಿ ಹಚ್ಚಿ ಕೇಳ್ರಿ" ಎಂದು ತಂತಿ ಮೀಟಿದೆ.

ಕಾಕಾ ಗಿಟಾರಿನ ಮೈಗೆ ಕಿವಿ ಹಚ್ಚಿದರು, ಕಣ್ಣು ಮುಚ್ಚಿದರು. ಬೇವಿನ ನೆರಳು, ಸಣ್ಣ ಗಾಳಿ, ಎಲ್ಲೋ ಕುರಿಗಳ ಗಂಟೆ. ತಂತಿ ನಿಂತರೂ ಅವರು ತಲೆ ಎತ್ತಲಿಲ್ಲ. ನನ್ನ ಹಾಗೆ ಕೇಳುವವರು ಇನ್ನೊಬ್ಬರು ಸಿಕ್ಕರಲ್ಲ ಎಂದು ಹಿಗ್ಗಿ, ಮೆಲ್ಲಗೆ ಕೇಳಿದೆ: "ಏನು ಕೇಳಸ್ತರಿ ಕಾಕಾ?"

ಉತ್ತರವಾಗಿ ಗೊರಕೆ ಬಂತು.

ಎಬ್ಬಿಸಿದ ಮೇಲೆ ನಾಚಿಕೊಳ್ಳದೆ ಸೀಳು ತಟ್ಟಿ ನೋಡಿದರು. "ಬೇವಿನ ತುಂಡು ಕುಂದರಸ್ತೀನಿ. ಹುಳ ಹತ್ತಂಗಿಲ್ಲ."

"ದನಿ ಹೆಂಗ ಬರತದ್ರಿ?"

"ದನಿಗೂ ಹುಳ ಹತ್ತಂಗಿಲ್ಲ."

ಯಾದಗಿರಿ ಮದುವೆ

ಅಕ್ಷತೆ ಬಿದ್ದು, ಪಂಕ್ತಿ ಕೂತು, ಹೋಳಿಗೆ ಹೊರಟಿತ್ತು. ವೇದಿಕೆಯ ಮೇಲೆ ಕೀಬೋರ್ಡು ನನ್ನ ಜಾಗಕ್ಕೆ ಬರಲು ತಯಾರಾಗಿಯೇ ನಿಂತಿತ್ತು. ಕತ್ತಿನ ಹತ್ತಿರದ ಪಿಕಪ್ಪಿಗೆ ಬದಲಿಸಿ ಮೊದಲ ತಂತಿ ಮೀಟಿದೆ. ಬಂತು! ಅದೇ ದನಿ, ತೂಕಡಿಸುತ್ತ, ಕಟ್ಟಿಗೆಯೊಳಗಿಂದ ಎದ್ದು ಮಂಟಪದ ತುಂಬ ಹಬ್ಬಿತು. ಬಡಿಸುವವರ ಕೈ ಕೂಡ ನಿಧಾನವಾಯಿತು. ನನಗೆ ಅಳು ಬರುವುದೊಂದು ಬಾಕಿ.

ಅಷ್ಟರಲ್ಲಿ ಮಾಲಕರು ಬಂದರು. ಹಾಡುಗಾರ್ತಿಯ ಮೈಕನ್ನು ಅಂಗೈಯಿಂದ ಜೋಪಾನವಾಗಿ ಮುಚ್ಚಿ, ನನ್ನ ತೊಡೆಯ ಮೇಲಿನ ಗಿಟಾರಿನ ತನಕ ಬಗ್ಗಿ ಪಿಸುಗುಟ್ಟಿದರು. ಜೀವಮಾನವಿಡೀ ಶಾಮಿಯಾನಾ ಕಟ್ಟಿಸಿದವರ ಪಿಸುಮಾತು ಅದು, ಉಳಿದವರು ಅದಕ್ಕೆ ಕೂಗು ಅನ್ನುತ್ತಾರೆ.

"ಮದುಮಗನ ಅಪ್ಪ ಮುಂಜಾನಿಂದ ಹಾಡ್ತೀನಿ ಅಂತ ಬೆನ್ನು ಹತ್ಯಾನ. ಅವನ ಕೈಗೆ ಮೈಕ್ ಸಿಗಬಾರದು. ಅಂವ ಬಾಯಿ ತೆರದ್ರ ಮಂದಿ ಎಲಿ ಬಿಟ್ಟು ಏಳ್ತಾರ!"

ಕೈಯಿಂದ ಸುತ್ತಿದ ತಂತಿ ಒಳಗೆ ಸಡಿಲವಿದ್ದರೆ ಪಿಕಪ್ ಎದುರಿನ ಮಾತಿಗೂ ನಡುಗುತ್ತದೆ, ಮೈಕಿನ ಹಾಗೆ. ಇದು ನಮ್ಮಿಬ್ಬರಿಗೂ ಆಗಲೇ ಗೊತ್ತಾದದ್ದು. ಆ ಪಿಸುಮಾತು ಒಂದಕ್ಷರ ಬಿಡದೆ ನಾಲ್ಕೂ ಸ್ಪೀಕರಿನಲ್ಲಿ ಮೊಳಗಿತು. ಹೋಳಿಗೆ ಬಾಯಿಯ ಹತ್ತಿರವೇ ನಿಂತವು. ನನ್ನ ಕೆಲಸ, ಮಾಲಕರ ಮಾನ, ಆ ಎರಡು ಮನೆಗಳ ಬೀಗತನ ಮೂರೂ ಹೋದವೆಂದುಕೊಂಡೆ.

ಮದುಮಗನ ಅಪ್ಪ ಎದ್ದರು. ತಲೆಯ ಪಟಗ ಸರಿಮಾಡಿಕೊಂಡು ವೇದಿಕೆ ಹತ್ತಿ ಬಂದರು. ಮಾಲಕರು ಕೈ ಜೋಡಿಸಿದರು. ಆ ಬೀಗರು ಮಾಲಕರನ್ನು ನೋಡಲೇ ಇಲ್ಲ.

"ಮೈಕ್ ಕೊಡಬ್ಯಾಡ್ರಿ, ಅಡ್ಡಿಯಿಲ್ಲ. ಆ ಗಿಟಾರು ಇತ್ತ ತರ್ರಿ, ಅದರಾಗ ಹಾಡ್ತೀನಿ!"

ಗಿಟಾರನ್ನು ಕೂಸಿನಂತೆ ಎತ್ತಿ ಹಿಡಿದು ಹಾಡೇ ಬಿಟ್ಟರು. ತಾಳ ಎತ್ತ, ಅವರು ಎತ್ತ. ಆದರೆ ಆ ತಾಮ್ರದ ಸುರುಳಿಯಲ್ಲಿ ಹಾದು ಬಂದ ದನಿ, ಹೊಳೆಯ ಆಚೆ ದಂಡೆಯಿಂದ ಯಾರೋ ನಮ್ಮ ಹೆಸರು ಹಿಡಿದು ಕರೆದಂತೆ ಇತ್ತು. ಒಬ್ಬರೂ ಎಲೆ ಬಿಟ್ಟು ಏಳಲಿಲ್ಲ. ಹಾಡು ಮುಗಿಯುವಷ್ಟರಲ್ಲಿ ಹೆಣ್ಣಿನ ಕಡೆಯ ಸೋದರಮಾವಂದಿರು ತಾವೂ ಹಾಡಲು ಕೈ ತೊಳೆದುಕೊಂಡು ಸಾಲು ಹಚ್ಚಿದ್ದರು.

ಮಾಲಕರು ವೇದಿಕೆಯ ಆ ತುದಿಗೆ ಹೋಗಿ ನಿಂತು, ಸನ್ನೆ ಮಾಡಿ ನನ್ನನ್ನು ಕರೆದರು. ಗಿಟಾರಿನ ಕಡೆ ಒಮ್ಮೆ ಭಯದಿಂದ ನೋಡಿ, ಹುಟ್ಟಿದಾಗಿನಿಂದ ಮೊದಲ ಸಲ ನಿಜವಾಗಿಯೂ ಪಿಸುಗುಟ್ಟಿದರು:

"ನೀನ ಬಾರಸಪಾ ಇನ್ನ ಮ್ಯಾಲ. ಕೀಬೋರ್ಡಿನಾಗ ಎಲ್ಲಾ ಹಿಡೀತದ, ಖರೆ. ಹಾಡೋ ಬೀಗರು ಹಿಡ್ಯಂಗಿಲ್ಲ."