ಅತ್ತೆಯ ಕ್ಯಾರವಾನೂ ನನ್ನ ರಸಮಟ್ಟವೂ

ಟ್ರೆವರ್ ಪಿಕರ್ಸ್‌ಗಿಲ್ ಎಂಬ ನಾನು, ಒಂದು ಭಾನುವಾರದ ಮಧ್ಯಾಹ್ನ, ಹುರಿದ ಆಲೂಗಡ್ಡೆ ಸಾಕ್ಷಿಯಾಗಿ ಭೀಷ್ಮಪ್ರತಿಜ್ಞೆಯೊಂದನ್ನು ಮಾಡಿದೆ!

"ಅತ್ತೆ, ನಿಮ್ಮ ಎಂಬತ್ತೈದನೇ ಹುಟ್ಟುಹಬ್ಬದ ಬೆಳಗ್ಗೆ ನೀವು ನಿಮ್ಮ ಕ್ಯಾರವಾನಲ್ಲೇ ಕಣ್ಣು ಬಿಡ್ತೀರಿ. ಮಲಗಿದ್ದಲ್ಲಿಂದಲೇ ಸಮುದ್ರ ನೋಡ್ತೀರಿ. ಅದರೊಳಗೆ ನಿಮಗೊಂದು ಅರಮನೆ ಕಟ್ಟಿಕೊಡ್ತೀನಿ, ಅರಮನೆ!"

ಅತ್ತೆ ಹಿಲ್ಡಾ ಸಾರಿನ ಜಗ್ಗನ್ನು ಮೆಲ್ಲಗೆ ಕೆಳಗಿಟ್ಟರು. "ಅರಮನೆ ಯಾಕಪ್ಪಾ? ಪರದೆ ಒಗೆದರೆ ಸಾಕು."

ಪರದೆ ಒಗೆಯುವುದೇ? ನಾನೇ? ಇಡೀ ಉದ್ಯೋಗಪರ್ವವನ್ನು ಕಟ್ಟಡ ತಪಾಸಣಾಧಿಕಾರಿಯಾಗಿ ಕಳೆದು, ಊರವರ ಗೋಡೆಗಳನ್ನೆಲ್ಲ "ಸೊಟ್ಟ, ಸೊಟ್ಟ" ಎಂದು ಷರಾ ಬರೆದು ನಿವೃತ್ತನಾದವನು ನಾನು!

ಆ ಕ್ಯಾರವಾನು ನಮ್ಮ ಮಾವ ಕಾರಿನ ಹಿಂದೆ ಕಟ್ಟಿಕೊಂಡು ಪ್ರತಿ ಬೇಸಿಗೆಯಲ್ಲೂ ಫೈಲಿಯ ಕಡಲ ದಂಡೆಗೆ ಎಳೆದೊಯ್ಯುತ್ತಿದ್ದ ಗಾಲಿಯ ಮನೆ. ಮೂತಿಯ ಕಡೆ ದೊಡ್ಡ ಕಿಟಕಿ, ಅದರ ಕೆಳಗೆ ಅತ್ತೆಯ ಹಾಸಿಗೆ. ಸಮುದ್ರದ ಕಡೆ ಕಾಲು ಚಾಚಿ ಮಲಗಿದರೆ ಹೆಬ್ಬೆರಳುಗಳ ನಡುವೆ ಸೂರ್ಯ ಹುಟ್ಟುತ್ತಿದ್ದನಂತೆ. ಮಾವ ತೀರಿಕೊಂಡ ಮೇಲೆ ಅತ್ತೆಗೆ ಸೊಂಟದ ಆಪರೇಷನ್ ಆಯಿತು, ಕೈಗೆ ಕೋಲು ಬಂತು, ಕ್ಯಾರವಾನು ನಮ್ಮ ಮನೆಯ ಮುಂದೆ ಬಂದು ನಿಂತಿತು. "ಇನ್ನೊಂದೇ ಒಂದು ಸಲ ಅಲ್ಲಿ ಮಲಗಿ ಸಮುದ್ರ ನೋಡ್ಬೇಕು. ಮುಂದಿನ ವರ್ಷ ಈ ಸೊಂಟ ಏನು ಹೇಳುತ್ತೋ!" ಎನ್ನುತ್ತಿದ್ದರು. ಅವರ ಆಸೆ ಇಷ್ಟೇ. ಉಳಿದದ್ದೆಲ್ಲ ನನ್ನ ಕೊಡುಗೆ.

ಮರುದಿನವೇ ಸುತ್ತಿಗೆ ಹಿಡಿದು ಒಳಗೆ ನುಗ್ಗಿದೆ. ಕಂದು ಕಪಾಟು, ಕಾಲು ಮಡಚುವ ಮೇಜು, ಹಾಸಿಗೆಯ ಮಣೆ, ಕಿತ್ತಳೆ ಬಣ್ಣದ ಪರದೆ, ಎಲ್ಲ ತಿಪ್ಪೆ ಸೇರಿದವು.

"ಅಮ್ಮ ಪರದೆ ಒಗೆಯೋಕೆ ಹೇಳಿದ್ದು, ಎಸೆಯೋಕಲ್ಲ!" ಎಂದು ನನ್ನ ಹೆಂಡತಿ ಗ್ಲೆಂಡಾ ಬಾಗಿಲಲ್ಲಿ ನಿಂತು ಕೂಗಿದಳು.

"ಗ್ಲೆಂಡಾ, ಕಲಾವಿದನ ಕೈ ಹಿಡೀಬೇಡ."

"ಕಲಾವಿದ ಅಂತೆ! ಮೊದಲು ಕಾಲ ಕೆಳಗೆ ನೋಡ್ಕೋ, ಮೊಳೆ ಇದೆ."

ಮೊಳೆ ನೋಡಿಕೊಂಡೆ. ಕಾಲ ಕೆಳಗಿನ ನೆಲ ನೋಡಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಮ್ಮ ಶೆಫೀಲ್ಡ್ ಬೆಟ್ಟಗಳ ಊರು. ನಮ್ಮ ಬೀದಿಯಲ್ಲಿ ಕೈಜಾರಿದ ಕಿತ್ತಳೆಹಣ್ಣನ್ನು ಬೆಟ್ಟದ ಬುಡದ ಅಂಗಡಿಯಲ್ಲಿ ಹೋಗಿ ಮತ್ತೆ ಕೊಂಡುಕೊಳ್ಳಬೇಕು! ಇಲ್ಲೇ ಹುಟ್ಟಿ ಬೆಳೆದವರಿಗೆ ಇಳಿಜಾರು ಇಳಿಜಾರೆಂದು ಅನಿಸುವುದೇ ಇಲ್ಲ. ಮನೆಯ ಮುಂದಿನ ದಾರಿಯಲ್ಲಿ ಕ್ಯಾರವಾನು ಬೀದಿಯ ಕಡೆ ಮೂತಿ ತಗ್ಗಿಸಿಕೊಂಡು ನಿಂತಿತ್ತು. ನಿಂತಿದೆಯಲ್ಲ, ಸಾಕು ಎಂದುಕೊಂಡೆ.

ನಾನು ಕಣ್ಣನ್ನು ನಂಬುವವನಲ್ಲ. ನಂಬುವುದು ನನ್ನ ರಸಮಟ್ಟವನ್ನು ಮಾತ್ರ. ಅದರ ಗಾಜಿನೊಳಗಿನ ಗುಳ್ಳೆ ನಟ್ಟನಡುವೆ ನಿಂತಿತೆಂದರೆ ಬ್ರಹ್ಮ ಬಂದರೂ ಸೊಟ್ಟ ಎನ್ನಲಾರ! ಹೊಸ ಶೆಲ್ಫು ಹೊಡೆದೆ, ಗುಳ್ಳೆ ನಡುವೆ. ಅಡುಗೆಕಟ್ಟೆ, ಗುಳ್ಳೆ ನಡುವೆ. ಅತ್ತೆಗೆ ಓಕ್ ಮರದ ಗಟ್ಟಿ ಮಂಚ, ಅದರ ಮೇಲೆ ಮಿರಮಿರ ಮಿಂಚುವ ಸ್ಯಾಟಿನ್ ಹಾಸು. ಅಲ್ಲೂ ಗುಳ್ಳೆ ಧ್ಯಾನಕ್ಕೆ ಕೂತ ಋಷಿಯಂತೆ ನಡುವೆ!

ಗ್ಲೆಂಡಾ ಚಹಾ ತಂದವಳು ಕತ್ತು ವಾಲಿಸಿ ನೋಡಿದಳು. "ಟ್ರೆವರ್, ಶೆಲ್ಫು ಸೊಟ್ಟಗಿದೆ."

"ಗುಳ್ಳೆ ನೋಡು."

"ಕಿಟಕಿ ನೋಡು! ಕಿಟಕಿ ಒಂದು ಕಡೆ ಹೋಗ್ತಿದೆ, ಶೆಲ್ಫು ಇನ್ನೊಂದು ಕಡೆ ಹೋಗ್ತಿದೆ. ಇಬ್ಬರಿಗೂ ಜಗಳ ಆದ ಹಾಗಿದೆ."

ನೋಡಿದೆ. ಹೌದು, ಜಗಳ ಆಡಿದ ಹಾಗೇ ಇತ್ತು. ಆದರೆ ಸೋಲುವುದುಂಟೇ? "ಕಿಟಕೀನೇ ಸೊಟ್ಟ. ಕಾರ್ಖಾನೆಯವರು ಮಾಡಿದ ತಪ್ಪು."

"ಬಾಗಿಲು?"

"ಅದೂ ಸೊಟ್ಟ."

"ಚಾವಣಿ?"

"ಎಲ್ಲಾ ಸೊಟ್ಟ! ಆ ಕಾಲದ ಕೆಲಸವೇ ಹಾಗೆ. ನಿಮ್ಮಪ್ಪ ಮೋಸ ಹೋಗಿದ್ರು, ಪಾಪ." ಹೀಗೆಂದು ಸತ್ತ ಮಾವನ ಮೇಲೂ ಷರಾ ಬರೆದೆ. ಕಿಟಕಿಯ ಸೊಟ್ಟ ಮುಚ್ಚಲು ಸುತ್ತ ಅಂದದ ಮರದ ಪಟ್ಟಿಯನ್ನೂ ಹೊಡೆದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನ್ನ ಪಾಲಿಗೆ ನೆಲ ನಿಜವಾಗಿಯೂ ಡೊಂಕಾಗಿತ್ತು, ಅದೊಂದನ್ನು ಬಿಟ್ಟು ಮಿಕ್ಕೆಲ್ಲದರ ಮೇಲೆ ತಪ್ಪು ಹೊರಿಸಿದ ಮಹಾನುಭಾವ ನಾನು!

ಹುಟ್ಟುಹಬ್ಬದ ಹಿಂದಿನ ದಿನ ಫೈಲಿಗೆ ಹೊರಟೆವು. ಅಲ್ಲಿ ಕ್ಯಾರವಾನುಗಳು ತಂಗುವ ಮೈದಾನದ ಜನಕ್ಕೆ ಒಂದು ಮನರಂಜನೆಯುಂಟು. ಹೊಸ ಗಾಡಿ ಬಂತೆಂದರೆ ಎಲ್ಲರೂ ಮಡಚುವ ಕುರ್ಚಿ, ಚಹಾದ ಲೋಟ ಹಿಡಿದು ಹೊರಗೆ ಕೂತುಬಿಡುತ್ತಾರೆ. ಹಿಂದಕ್ಕೆ ಸರಿಸುವವನು ಬೇಲಿಗೆ ಗುದ್ದುತ್ತಾನೋ ನಲ್ಲಿಗೆ ಗುದ್ದುತ್ತಾನೋ ನೋಡಬೇಕಲ್ಲ! ನಾನು ಯಾವುದಕ್ಕೂ ಗುದ್ದಲಿಲ್ಲ. ಕುರ್ಚಿಗಳಲ್ಲಿ ನಿರಾಸೆ ಹರಡಿತು. ಬೇಲಿಯಾಚೆ ಸಮುದ್ರ, ಸೂರ್ಯ, ಹಕ್ಕಿ, ಎಲ್ಲ ಅಚ್ಚುಕಟ್ಟಾಗಿದ್ದವು.

ಪಕ್ಕದ ಕ್ಯಾರವಾನಿನ ನಾರ್ಮನ್, ಮಂಡಿಯ ತನಕ ಚಡ್ಡಿ ಹಾಕಿದ ಬೋಳುತಲೆಯ ಸಜ್ಜನ, ಕೈಜೋಡಿಸಲು ಬಂದ. "ಮೊದಲು ಮಟ್ಟ, ಆಮೇಲೆ ಟೀ" ಎಂದ. ಗಾಡಿ ಸಮಮಟ್ಟಕ್ಕೆ ನಿಲ್ಲದೆ ಚಹಾ ಮುಟ್ಟಬಾರದು ಎಂಬುದು ಅಲ್ಲಿನವರ ಧರ್ಮಸೂತ್ರ.

"ನನಗೇ ಹೇಳ್ತೀರಾ? ನಾನು ಕಟ್ಟಡ ತಪಾಸಣಾಧಿಕಾರಿ."

"ಓಹೋ, ಹಾಗಾದ್ರೆ ಗೊತ್ತೇ ಇರುತ್ತೆ ಬಿಡಿ."

ಒಳಗೆ ಗ್ಲೆಂಡಾ ಲೋಟ, ಕೇಕು ಎಲ್ಲವನ್ನೂ ಶೆಲ್ಫಿನ ಮೇಲೆ ಜೋಡಿಸುತ್ತಿದ್ದಳು. ಅತ್ತೆ ಆಗಲೇ ಮಂಚದ ಮೇಲೆ ಒರಗಿದ್ದರು, ಕಾಲು ಸಮುದ್ರದ ಕಡೆ. ನಾರ್ಮನ್ ಬಾಗಿಲ ಬಳಿ ನೆಲದ ಮೇಲೆ ತನ್ನ ಪುಟ್ಟ ರಸಮಟ್ಟವಿಟ್ಟು ನೋಡುತ್ತಿದ್ದ. ನಾನು ಮೂತಿಯ ಕೆಳಗಿನ ಸಣ್ಣ ಗಾಲಿಯ ಹಿಡಿ ತಿರುಗಿಸುತ್ತ, ಕಾರಿನಿಂದ ಬಿಚ್ಚಿದಾಗ ತಗ್ಗಿ ನಿಂತಿದ್ದ ಮೂತಿಯನ್ನು ಮೇಲೆತ್ತತೊಡಗಿದೆ.

"ಇನ್ನೂ ಸ್ವಲ್ಪ... ಇನ್ನೂ... ಸಾಕು! ಗುಳ್ಳೆ ನಡುವೆ ಬಂತು!" ಎಂದ ನಾರ್ಮನ್.

ಅದೇ ಕ್ಷಣಕ್ಕೆ ಒಳಗೆ ದಂಡಯಾತ್ರೆ ಶುರುವಾಯಿತು. ಲೋಟಗಳು ಸಾಲಾಗಿ ಹಿಂದಕ್ಕೆ ನಡೆದವು. ಡಬ್ಬಿಯಿಂದ ತೆಗೆದಿಟ್ಟ ಬಟಾಣಿ ಕಟ್ಟೆಯಿಂದ ಹಾರಿತು. ಜಾಮ್ ತುಂಬಿದ ಹುಟ್ಟುಹಬ್ಬದ ಕೇಕು ಶೆಲ್ಫಿನ ತುದಿಯ ತನಕ ಗಾಂಭೀರ್ಯದಿಂದ ಸರಿದು, ಒಂದು ಗಳಿಗೆ ಯೋಚಿಸಿ, ಗ್ಲೆಂಡಾಳ ಚಪ್ಪಲಿಯ ಮೇಲೆ ಇಳಿಯಿತು. ಸ್ಯಾಟಿನ್ ಹಾಸಿನ ಮೇಲಿದ್ದ ನನ್ನ ಅತ್ತೆ, ಎರಡೂ ಕೈಯಲ್ಲಿ ಕೈಚೀಲ ಹಿಡಿದುಕೊಂಡು, ತಲೆ ಮುಂದಾಗಿ ಅಡುಗೆಮನೆಯ ಕಡೆಗೆ ಜಾರಿಕೊಂಡು ಬಂದರು!

"ಟ್ರೆವರ್," ಎಂದರು ಕಟ್ಟೆಗೆ ತಲೆ ತಾಗಿ ನಿಂತ ಮೇಲೆ, "ಗಾಡಿ ಇನ್ನೂ ಹೋಗ್ತಾ ಇದೆಯೇನಪ್ಪಾ?"

ನಾನು ಬಾಗಿಲಲ್ಲಿ ನಿಂತು ನೋಡಿದೆ. ಕಿಟಕಿಯ ಗಾಜಿನಲ್ಲಿ ಸಮುದ್ರದ ಗೆರೆ ದಾರ ಹಿಡಿದಷ್ಟು ನೇರ. ಕಿಟಕಿ ನೇರ. ಬಾಗಿಲು ನೇರ. ಚಾವಣಿ ನೇರ. ನನ್ನ ಕೈಯಿಂದ ಆದದ್ದು ಯಾವುದಿತ್ತೋ ಅದಷ್ಟೇ ಸೊಟ್ಟ! ಇಳಿಜಾರಿನಲ್ಲಿ ನಿಂತ ಗಾಡಿಯೊಳಗೆ ಗುಳ್ಳೆ ನೋಡಿ ನೋಡಿ ನಮ್ಮ ಬೀದಿಯ ಇಳಿಜಾರನ್ನೇ ಓಕ್ ಮರದಲ್ಲಿ ಕೆತ್ತಿ ಇಲ್ಲಿಗೆ ತಂದಿದ್ದೆ.

"ಸಮುದ್ರಾನೂ ಸೊಟ್ಟನಾ?" ಎಂದಳು ಗ್ಲೆಂಡಾ, ಚಪ್ಪಲಿಯಿಂದ ಕೇಕು ತೆಗೆಯುತ್ತ. "ಅದೂ ಕಾರ್ಖಾನೆಯವರ ತಪ್ಪೇ ಇರ್ಬೇಕು."

ಇಷ್ಟಕ್ಕೇ ಬಿಟ್ಟಿದ್ದರೆ ಮಾನ ಅರ್ಧವಾದರೂ ಉಳಿಯುತ್ತಿತ್ತು. "ಒಂದು ನಿಮಿಷ!" ಎಂದು ಹೊರಗೆ ಓಡಿ, ಹಿಡಿಯನ್ನು ತಿರುಗಾ ಮುರುಗಾ ತಿರುಗಿಸಿ ಮೂತಿಯನ್ನು ತಗ್ಗಿಸಿದೆ. ಅಷ್ಟಕ್ಕೂ ಸಾಲದೆ ಹಿಂದಿನ ಗಾಲಿಗಳ ಕೆಳಗೆ ಹಲಗೆ ತುರುಕಿದೆ. ಮಂಚ ಮಟ್ಟವಾಯಿತು! ಶೆಲ್ಫು ಮಟ್ಟವಾಯಿತು! ನೆಲ ಮಾತ್ರ ಮಕ್ಕಳ ಜಾರುಬಂಡೆಯಾಯಿತು. ಕಿಟಕಿಯಲ್ಲಿ ಸಮುದ್ರ ಮುಳುಗಿಹೋಗಿ ಬರೀ ಬೇಲಿಯ ಮುಳ್ಳು ಉಳಿಯಿತು. ಹಾಸಿಗೆ ಬೇಕೆಂದರೆ ಸಮುದ್ರವಿಲ್ಲ, ಸಮುದ್ರ ಬೇಕೆಂದರೆ ಹಾಸಿಗೆಯಿಲ್ಲ!

ಕುರ್ಚಿಯ ಜನ ಈಗ ಎದ್ದು ನಿಂತಿದ್ದರು. ನಮ್ಮ ಜನ ಮುಖಕ್ಕೆ ಬೈಯುವವರಲ್ಲ, ಬೈದಿದ್ದರೆ ವಾಸಿಯಿತ್ತು. ಒಬ್ಬೊಬ್ಬರೇ ಬಂದು ಇಣುಕಿ, "ತುಂಬಾ... ಬೇರೆ ಥರ ಇದೆ", "ಮರ ಒಳ್ಳೇದು, ಮರಕ್ಕೇನೂ ಹೇಳೋ ಹಾಗಿಲ್ಲ" ಎಂದು ಹೊಗಳಿ ಹೋದರು. ಅತ್ತೆ ಕೋಲೂರಿ ಒಂದು ಹೆಜ್ಜೆ ಇಟ್ಟರು, ಕೋಲು ಜಾರಿತು, ನಾರ್ಮನ್ ಹಿಡಿದುಕೊಂಡ. ಆಗ ಅವರ ಮುಖ ನೋಡಿದೆ. ಕೋಪವಿರಲಿಲ್ಲ. ಬಿಟ್ಟುಹೋದ ಬಸ್ಸನ್ನು ನೋಡುವವರ ಹಾಗೆ ಕಿಟಕಿಯ ಕಡೆ ನೋಡುತ್ತಿದ್ದರು.

ನಾರ್ಮನ್ ಗಂಟಲು ಸರಿಮಾಡಿಕೊಂಡ. "ಬೇಜಾರು ಮಾಡ್ಕೋಬೇಡಿ. ನಮ್ಮದರಲ್ಲಿ ಹಾಸಿಗೆ ಕೊಡ್ತೀನಿ, ನಾನು ಡೇರೆಯಲ್ಲಿ ಮಲಗ್ತೀನಿ. ಹಳೇ ಡಬ್ಬ, ಏನೂ ಚೆನ್ನಾಗಿಲ್ಲ..."

ಅತ್ತೆ ಆ ರಾತ್ರಿ ಅಲ್ಲೇ ಮಲಗಿದರು. ಹುಟ್ಟುಹಬ್ಬದ ಬೆಳಗ್ಗೆ ಚಹಾದ ಲೋಟ ಹಿಡಿದು, ಹೇಳಬೇಕಾದ ಕ್ಷಮೆಯನ್ನು ಬಾಯಿಪಾಠ ಮಾಡಿಕೊಂಡು, ಗ್ಲೆಂಡಾಳ ಹಿಂದೆ ನಾರ್ಮನ್‌ನ ಕ್ಯಾರವಾನಿಗೆ ಹೋದೆ. ಒಳಗೆ ಕಾಲಿಟ್ಟವನು ಅಲ್ಲೇ ನಿಂತೆ. ಅದೇ ಕಾರ್ಖಾನೆ, ಅದೇ ವಯಸ್ಸು! ಅದೇ ಕಂದು ಕಪಾಟು, ಅದೇ ಕಾಲು ಮಡಚುವ ಮೇಜು, ಅದೇ ಕಿತ್ತಳೆ ಬಣ್ಣದ ಪರದೆ. ಕಿಟಕಿಯ ಕೆಳಗೆ ಅತ್ತೆ ಕಾಲು ಚಾಚಿ ಮಲಗಿದ್ದರು, ಹೆಬ್ಬೆರಳುಗಳ ನಡುವೆ ಸೂರ್ಯ. ಕೆನ್ನೆ ಒದ್ದೆಯಾಗಿತ್ತು, ಬಾಯಿ ನಗುತ್ತಿತ್ತು.

"ಬಾರಪ್ಪಾ ಟ್ರೆವರ್. ನೋಡು, ನಮ್ಮದಿತ್ತಲ್ಲ, ಥೇಟ್ ಹಾಗೇ ಇದೆ! ಎಷ್ಟು ಚೆನ್ನಾಗಿ ಇಟ್ಕೊಂಡಿದ್ದೀರಿ, ಏನು ಮಾಡ್ತೀರಿ ಅಂತ ನಾರ್ಮನ್‌ನ ಕೇಳ್ದೆ. ಏನೂ ಇಲ್ವಂತೆ. ವರ್ಷಕ್ಕೊಂದ್ಸಲ ಪರದೆ ಒಗೀತಾರಂತೆ."

ಬಾಯಿಪಾಠ ಮಾಡಿದ್ದ ಕ್ಷಮೆ ಮರೆತೇಹೋಯಿತು. ಭೂಮಿ ಬಾಯಿ ಬಿಡಬಾರದೇ ಎನಿಸಿತು, ಅದೂ ಇಳಿಜಾರಿಲ್ಲದ ಭೂಮಿ. ಕೊನೆಗೆ ನಾರ್ಮನ್‌ನನ್ನು ಕೇಳಿದೆ, "ಈ ವರ್ಷದ ಪರದೆ ಒಗೆದಾಯ್ತಾ?"

"ಇಲ್ಲ, ಇನ್ನೂ ಇಲ್ಲ" ಎಂದ ಪುಣ್ಯಾತ್ಮ.

ಕುರ್ಚಿ ಹಾಕಿಕೊಂಡು ಕೂತ ಇಡೀ ಮೈದಾನದ ಎದುರು, ಬಕೆಟ್ಟಿನಲ್ಲಿ ಸೋಪಿನ ನೊರೆ ಎಬ್ಬಿಸಿ, ಆ ಕಿತ್ತಳೆ ಪರದೆಗಳನ್ನು ಒಗೆದೆ, ಹಿಂಡಿದೆ, ಒಣಗಿಸಿದೆ. ಸಂಜೆ ಸ್ಟೂಲು ಹತ್ತಿ ಒಂದೊಂದೇ ಕೊಕ್ಕೆಗೆ ಸಿಕ್ಕಿಸಿ ಕೆಳಗಿಳಿದು, ಕೈ ಒರೆಸಿಕೊಂಡು, ಅತ್ತೆಯ ಕಡೆ ತಿರುಗಿದೆ.

ಅತ್ತೆ ದಿಂಬಿಗೆ ಒರಗಿದಲ್ಲಿಂದಲೇ ಒಂದು ಕಣ್ಣು ಮುಚ್ಚಿ ಪರದೆಯನ್ನೂ ಅದರ ಹಿಂದಿನ ಸಮುದ್ರದ ಗೆರೆಯನ್ನೂ ನೋಡಿದರು.

"ಎಲ್ಲಾ ಚೆನ್ನಾಗಿದೆ ಟ್ರೆವರ್. ಆದ್ರೆ ಎಡಗಡೇದು ಸ್ವಲ್ಪ ಸೊಟ್ಟಗಿದೆ."

ರಸಮಟ್ಟ ಜೇಬಿನಲ್ಲೇ ಇತ್ತು. ತೆಗೆಯಲಿಲ್ಲ. ಮತ್ತೆ ಸ್ಟೂಲು ಹತ್ತಿದೆ.