ಸಾಕ್ಷಿಯಾಗಿ ಒಂದು ಕಾಲುಚೀಲ

ಕೋರ್ಟಿನ ಮೆಟ್ಟಿಲು ಹತ್ತದೆ, ಒಂದೇ ಪತ್ರದಲ್ಲಿ ಟ್ರಾಫಿಕ್ ನೋಟಿಸನ್ನು ರದ್ದು ಮಾಡಿಸಿಬಿಡುತ್ತೇನೆ ಎಂದು ನಾನು ನಿಜವಾಗಿಯೂ ನಂಬಿದ್ದೆ. ನಾನು ಡಾಕ್ಟರ್. ಪತ್ರ ಬರೆಯುವುದು ನನಗೆ ನೀರು ಕುಡಿದಷ್ಟು ಸಲೀಸು.

ನೋಟಿಸಿನ ಪ್ರಕಾರ ನಾನು ಈ ಪರದೇಶದಲ್ಲಿ ನಾವಿರುವ ನೇಸ್ ಎಂಬ ಊರಿನ ಸಿಗ್ನಲ್ ಹತ್ತಿರ ಮೊಬೈಲ್ ಹಿಡಿದು ಕಾರು ಓಡಿಸುತ್ತಿದ್ದೆ. ನಿಜದಲ್ಲಿ ನನ್ನ ಕೆನ್ನೆಗೆ ಒತ್ತಿಕೊಂಡಿದ್ದದ್ದು ಹುರಿದ ಉಪ್ಪು, ಓಂಕಾಳು ತುಂಬಿದ ಕಪ್ಪು ಕಾಲುಚೀಲ. ಹಲ್ಲುನೋವಿಗೆ ನಮ್ಮಜ್ಜಿ ಕೊಡುತ್ತಿದ್ದ ಶಾಖ! ಹಿಂದೆ ಸ್ಪೀಡಿಂಗ್‌ಗೆ ಬಿದ್ದಿದ್ದ ದಂಡದ ಪಾಯಿಂಟುಗಳ ಜೊತೆ ಇದೂ ಸೇರಿದರೆ ನನ್ನ ಹೊಸ ಲೈಸೆನ್ಸೇ ಹೋಗುತ್ತಿತ್ತು. ಕಾರಿಲ್ಲದೆ ಡ್ಯೂಟಿಗೆ ಹೋಗುವುದು ಹೇಗೆ?

"ರೀ, ಕೋರ್ಟಿಗೆ ಹೋಗಿ ನಿಜ ಹೇಳ್ಬಿಡಿ" ಎಂದಳು ಹೆಂಡತಿ ಸುಮಾ.

"ಎಲ್ಲರ ಮುಂದೆ ನಿಂತ್ಕೊಂಡು ಸಾಕ್ಸ್ ವಿಷಯ ಹೇಳ್ಲಾ? ಇಡೀ ವಾರ್ಡ್ ನಗುತ್ತೆ ಕಣೆ."

"ಹಾಗಾದ್ರೆ ಬರೆದು ಹಾಕಿ. ಜಾಸ್ತಿ ಬುದ್ಧಿ ಓಡಿಸ್ಬೇಡಿ."

ಓಡಿಸಿದೆ. ಸದರಿ ವಸ್ತುವು ದೂರವಾಣಿಯಲ್ಲವೆಂದೂ, ಪಾರಂಪರಿಕ ಚಿಕಿತ್ಸಾ ಸಾಧನವೆಂದೂ, ಬಿಸಿ ತಾಳಲಾರದೆ ಅದನ್ನು ಆಗಾಗ ಕೈಯಿಂದ ಕೈಗೆ ಬದಲಿಸುತ್ತಿದ್ದೆನೆಂದೂ ಘನ ಅಧಿಕಾರಿಗಳಿಗೆ ಇಂಗ್ಲಿಷಿನಲ್ಲಿ ವಿವರವಾಗಿ ನಿವೇದಿಸಿಕೊಂಡೆ. ನಮ್ಮ ಕಡೆ ಲಗತ್ತು ಇಲ್ಲದ ಅರ್ಜಿಯನ್ನು ಯಾರೂ ಮೂಸಿ ನೋಡುವುದಿಲ್ಲ. ಅದೇ ಅಭ್ಯಾಸದಲ್ಲಿ ಕಾಲುಚೀಲವನ್ನೇ ಲಗತ್ತಿಸಿ ರಿಜಿಸ್ಟರ್ಡ್ ಪೋಸ್ಟ್ ಮಾಡಿದೆ.

ದಾರಿಯಲ್ಲಿ ಲಕೋಟೆ ಒಡೆಯಿತು. ಒಳಗಿಂದ ಬಿಳಿ ಪುಡಿ, ಕಂದು ಬೀಜ. ಹೊರಗೆ ನನ್ನ ಹೆಸರು, ವಿಳಾಸ!

ಶನಿವಾರ ಬೆಳಿಗ್ಗೆ ಬಾಗಿಲಲ್ಲಿ ಇಬ್ಬರು ಪೊಲೀಸರು, ಕೈಯಲ್ಲಿ ಅದೇ ಒಡೆದ ಲಕೋಟೆ. "ಡಾಕ್ಟರ್, ಇದೇನು ಪುಡಿ?" ಎಂದು ಅವರಲ್ಲೊಬ್ಬ ಹೆಂಗಸು ಕೇಳಿದಳು. ಲೈಸೆನ್ಸ್ ಮಾತು ಹಾಗಿರಲಿ, ಕೆಲಸವೇ ಹೋಯಿತು ಎಂದುಕೊಂಡೆ. ಸುಮಾ ಅಡುಗೆಮನೆಯಿಂದ ಓಂಕಾಳಿನ ಡಬ್ಬಿ ತಂದು, ಮೂಸಿಸಿ, ಅಜ್ಜಿಯ ಕಥೆಯನ್ನೆಲ್ಲ ಹೇಳಿದಳು.

"ಗ್ರ್ಯಾಂಡ್" ಎಂದು ನಕ್ಕಳು ಪೊಲೀಸಿನಾಕೆ; ಇಲ್ಲಿಯವರ ಮಾತಲ್ಲಿ ‘ಸರಿ ಬಿಡಿ’ ಎಂದರ್ಥ. ನನಗೆ ಹೋದ ಜೀವ ಬಂದಂತಾಯಿತು. ಆಕೆ ನನ್ನ ಪತ್ರವನ್ನು ಇನ್ನೊಮ್ಮೆ ಓದಿದಳು.

"ಕೈಯಿಂದ ಕೈಗೆ ಅಂತ ಬರೆದಿದ್ದೀರಿ. ಆಗ ಸ್ಟೀರಿಂಗ್ ಯಾರು ಹಿಡಿದಿದ್ರು?"

ನಾನು ಸುಮಾಳ ಮುಖ ನೋಡಿದೆ. ಅವಳು ಡಬ್ಬಿಯ ಮುಚ್ಚಳ ಹಾಕುತ್ತಿದ್ದಳು.

ಈಗ ಮೊಬೈಲ್ ವಿಷಯ ಬದಿಗೆ ಸರಿದು, ಅಜಾಗರೂಕ ಚಾಲನೆಯ ಕೇಸು ಎದ್ದಿದೆ. ಖುದ್ದಾಗಿ ಕೋರ್ಟಿಗೆ ಹಾಜರಾಗಬೇಕಂತೆ. ಕಾಲುಚೀಲ ಸಾಕ್ಷಿಯಾಗಿ ಅವರ ಬಳಿಯೇ ಇದೆ. ಈ ಚಿಂತೆಯಲ್ಲಿ ಹಲ್ಲುನೋವು ಮರುಕಳಿಸಿದೆ. ಜೋಡಿಯಲ್ಲಿ ಉಳಿದ ಇನ್ನೊಂದು ಕಾಲುಚೀಲಕ್ಕೆ ಸುಮಾ ಬಿಸಿ ಉಪ್ಪು ತುಂಬಿ ಕೊಟ್ಟಿದ್ದಾಳೆ, ಕಾರಿನ ಕೀ ಕಿತ್ತುಕೊಂಡು.